ಬೊರಿವಲಿ ಕಾಡಿನಲ್ಲಿ ಓಡಲಿ, ಬೆಳಕು ಹರಿದ ಮೇಲೆ

ಮುಂಬಯಿಯ ದೊಡ್ಡ ಮ್ಯಾರಥಾನ್ ನಡೆಯುವುದು ಜನವರಿಯಲ್ಲಿ. ಅದರ ತಯಾರಿ ಮಾತ್ರ ಮಳೆ ಹಿಂಜರಿಯುವ ಹೊತ್ತಿಗೇ ಶುರುವಾಗಿರುತ್ತದೆ. 42 ಕಿಲೋಮೀಟರ್ ಓಡುವವರಿಗೆಲ್ಲ ಕೊನೆಯ ಹಂತದಲ್ಲಿ ಎದುರಾಗುವ ಪೆಡ್ಡರ್ ರೋಡಿನ ಏರಿನದೇ ಚಿಂತೆ. ಕಾಲು ಸೋತ ಮೇಲೆ ಆ ದಿಬ್ಬವೂ ಬೆಟ್ಟವೇ. ಏರು ಹತ್ತಿ ಅಭ್ಯಾಸ ಮಾಡೋಣವೆಂದರೆ, ಸಮುದ್ರ ತುಂಬಿ ಮಾಡಿದ ಊರಿನಲ್ಲಿ ಏರು ಸಿಗಬೇಕಲ್ಲ? ಮರೀನ್ ಡ್ರೈವ್, ಕಾರ್ಟರ್ ರೋಡ್, ಶಿವಾಜಿ ಪಾರ್ಕ್ ಎಲ್ಲವೂ ಅಂಗೈಯಷ್ಟು ಸಪಾಟು. ಹೀಗಾಗಿ ಉಪನಗರಗಳ ಓಟಗಾರರು ಭಾನುವಾರದ ‘ಲಾಂಗ್ ರನ್’ಗೆ ಬೊರಿವಲಿ ಪೂರ್ವದ ಹಾದಿ ಹಿಡಿಯುತ್ತಾರೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಕನ್ಹೇರಿ ಗುಹೆಗಳವರೆಗಿನ ರಸ್ತೆ ಸುಮಾರು ಆರು ಕಿಲೋಮೀಟರ್. ಮೊದಲು ಮೆಲ್ಲಗೆ ಏರಿ, ಕೊನೆಗೆ ಉಸಿರು ಕಟ್ಟಿಸುವ ದಾರಿ ಅದು. ಥಾಣೆಯವರಿಗೆ ಇದೇ ಬೆಟ್ಟಸಾಲಿನ ಪೂರ್ವದ ಬದಿಯ ಯೇವೂರ್ ಇದೆ. ಗೋರೆಗಾಂವ್, ಪವಯಿ ಕಡೆಯವರಿಗೆ ಆರೇ ಕಾಲೊನಿಯ ಒಳರಸ್ತೆಗಳಿವೆ.

ಮೂರೂ ಒಂದೇ ಕಾಡಿನ ಮೂರು ಬಾಗಿಲುಗಳು. ಆ ಕಾಡಿನಲ್ಲಿ ಚಿರತೆಗಳಿವೆ.

ಹೊರಗಿನವರಿಗೆ ಇದು ನಂಬಲಾಗದ ಸಂಗತಿ. ಎರಡು ಕೋಟಿ ಜನರ ನಡುವೆ ಸುಮಾರು 103 ಚದರ ಕಿಲೋಮೀಟರ್ ಕಾಡು, ಒಂದು ಪಕ್ಕಕ್ಕೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ಇನ್ನೊಂದು ಪಕ್ಕಕ್ಕೆ ಮುಲುಂಡ್ ಮತ್ತು ಥಾಣೆ. ಒಳಗೆ ಬ್ರಿಟಿಷರು ನಗರಕ್ಕೆ ನೀರುಣಿಸಲು ಕಟ್ಟಿದ ಎರಡು ಕೆರೆಗಳಿವೆ: 1860ರ ವಿಹಾರ್, 1879ರ ತುಳಸಿ. ಇಂದು ಮುಂಬಯಿಯ ನೀರಿನಲ್ಲಿ ಇವುಗಳ ಪಾಲು ಬಹಳ ಚಿಕ್ಕದು. ಆದರೂ ಈ ಕಾಡು ಉಳಿದದ್ದಕ್ಕೆ ಆ ನೀರೇ ದೊಡ್ಡ ಕಾರಣ. ಜಲಾನಯನ ಪ್ರದೇಶವೆಂದು ಕಾಯ್ದುಕೊಂಡ ನೆಲಕ್ಕೆ ಬಿಲ್ಡರ್ ಕೈ ಹಾಕುವುದು ಸುಲಭವಾಗಿರಲಿಲ್ಲ. ದಹಿಸರ್, ಪೋಯ್ಸರ್, ಓಶಿವರಾ, ಮೀಠಿ ನದಿಗಳು ಹುಟ್ಟುವುದೂ ಇದೇ ಬೆಟ್ಟಗಳ ಆಸುಪಾಸಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿಯ ಹೆಸರು ಮುಂಬಯಿಗರಿಗೆ ಮೊದಲ ಸಲ ಭಯದಿಂದ ನೆನಪಾಯಿತು. ಅಲ್ಲಿಯವರೆಗೆ ಬಹುಪಾಲು ಜನರಿಗೆ ಅದು ಬರೀ ಗಟಾರವಾಗಿತ್ತು.

ಈ ಕಾಡಿನಲ್ಲಿ ಓಡುವುದು ತಪ್ಪೇ ಎಂದು ಕೇಳಿದರೆ, ಅಲ್ಲ ಎನ್ನಬೇಕು. ಯಾವ ಹೊತ್ತಿಗೆ ಓಡುತ್ತೀರಿ ಎಂಬುದೇ ಬೇರೆ ಪ್ರಶ್ನೆ, ಜಗಳ ಇರುವುದು ಅಲ್ಲಿ. ಓಡುವವರ ಸಂಘಗಳೂ ಅರಣ್ಯ ಇಲಾಖೆಯೂ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿಲ್ಲ. ಪಾಸಿನ ದರ, ಪಾರ್ಕಿಂಗ್, ಪ್ಲಾಸ್ಟಿಕ್ ಬಾಟಲಿ ಎಂದು ಸುತ್ತಮುತ್ತ ಮಾತಾಡಿ ಮುಗಿಸುತ್ತಾರೆ. ನೇರವಾಗಿ ಹೇಳುವುದಾದರೆ, ಸೂರ್ಯ ಹುಟ್ಟುವ ಮೊದಲು ಈ ಕಾಡಿನೊಳಗೆ ಓಡುವವರನ್ನು ಬಿಡಬಾರದು. ಬೆಳಕು ಹರಿದ ಮೇಲೆ ಈಗಿನದಕ್ಕಿಂತ ಹೆಚ್ಚು ಉದಾರವಾಗಿ ಬಿಡಬೇಕು.

ಸಮಸ್ಯೆ ಬಿಗಿಯಾಗುವುದು ಚಳಿಗಾಲದಲ್ಲಿ. ಮುಂಬಯಿಯಲ್ಲಿ ಜೂನ್ ತಿಂಗಳ ಸೂರ್ಯ ಬೆಳಿಗ್ಗೆ ಆರಕ್ಕೇ ಹಾಜರು. ಡಿಸೆಂಬರಿನ ಕೊನೆಗೆ ಅವನು ಮುಖ ತೋರಿಸುವಾಗ ಏಳು ದಾಟಿರುತ್ತದೆ. ಮ್ಯಾರಥಾನ್ ತಯಾರಿ ಜೋರಾಗುವುದು ಅದೇ ವಾರಗಳಲ್ಲಿ. ಸಾಮಾನ್ಯ ಪ್ರವಾಸಿಗರಿಗೆ ಗೇಟು ತೆರೆಯುವ ಎಷ್ಟೋ ಮೊದಲೇ ಮಾರ್ನಿಂಗ್ ವಾಕ್ ಪಾಸ್ ಇದ್ದವರಿಗೆ ಪ್ರವೇಶ ಸಿಗುತ್ತದೆ. ಒಂಬತ್ತರ ಲೋಕಲ್ ಹಿಡಿಯಬೇಕಾದ ಓಟಗಾರ ಐದೂವರೆಗೆ ಹಣೆಗೆ ಟಾರ್ಚು ಕಟ್ಟಿಕೊಂಡು, ಕಿವಿಗೆ ಹಾಡು ತುರುಕಿಕೊಂಡು ಹೊರಟರೆ ಅವನಿಗೆ ಅದು ಮುಂಜಾವು, ಕಾಡಿಗೆ ಅದು ಇನ್ನೂ ರಾತ್ರಿ.

ಈ ರಾತ್ರಿ ಯಾರದು ಎಂಬುದಕ್ಕೆ ಲೆಕ್ಕವಿದೆ. 2015ರಲ್ಲಿ ಸಂಶೋಧಕ ನಿಕಿತ್ ಸುರ್ವೆ ಕ್ಯಾಮೆರಾ ಟ್ರ್ಯಾಪ್ ಇಟ್ಟು ಉದ್ಯಾನ ಮತ್ತು ಸುತ್ತಿನಲ್ಲಿ 35 ಚಿರತೆಗಳನ್ನು ಗುರುತಿಸಿದರು. 2018ರ ಎಣಿಕೆಯಲ್ಲಿ ಅದು 47 ಆಯಿತು. ನೂರು ಚದರ ಕಿಲೋಮೀಟರಿಗೆ ಸುಮಾರು 26 ಚಿರತೆ ಎಂಬುದು ಜಗತ್ತಿನಲ್ಲೇ ಅತಿ ದಟ್ಟವಾದ ಪ್ರಮಾಣಗಳಲ್ಲಿ ಒಂದು. ಇವುಗಳ ಆಹಾರದಲ್ಲಿ ಕಾಲುಭಾಗದಷ್ಟು ಬೀದಿ ನಾಯಿಗಳು. ಚಿರತೆಗಳು ವರ್ಷಕ್ಕೆ ಸುಮಾರು 1,500 ನಾಯಿಗಳನ್ನು ತಿನ್ನುವುದರಿಂದ ಸಾವಿರದಷ್ಟು ನಾಯಿ ಕಡಿತಗಳು ತಪ್ಪುತ್ತವೆ ಎಂದು 2018ರಲ್ಲಿ ವಿಜ್ಞಾನಿಗಳ ತಂಡವೊಂದು ಅಂದಾಜಿಸಿತ್ತು. ಇದು ಅಂದಾಜೇ ಹೊರತು ತಲೆ ಎಣಿಸಿದ ಲೆಕ್ಕವಲ್ಲ. ಆದರೂ ಬೀದಿ ನಾಯಿಯ ಭಯದಿಂದ ರಸ್ತೆ ಬಿಟ್ಟು ಕಾಡಿಗೆ ಬರುವ ಓಟಗಾರರಿದ್ದಾರಲ್ಲ, ಅವರು ಈ ಅಂಕಿಯನ್ನು ಒಮ್ಮೆ ಓದಬೇಕು.

2004 ಈ ಊರಿಗೆ ಎರಡು ಕಾರಣಕ್ಕೆ ನೆನಪಿರಬೇಕಾದ ವರ್ಷ. ಫೆಬ್ರವರಿಯಲ್ಲಿ ಇಂದಿನ ರೂಪದ ಮುಂಬಯಿ ಮ್ಯಾರಥಾನ್ ಮೊದಲ ಸಲ ಓಡಿತು. ಜೂನ್‌ನಲ್ಲಿ ಉದ್ಯಾನದ ಸುತ್ತ ಚಿರತೆ ದಾಳಿಗಳು ಒಂದರ ಹಿಂದೆ ಒಂದು ನಡೆದು, ಆ ಒಂದೇ ತಿಂಗಳಲ್ಲಿ ಹತ್ತರಷ್ಟು ಜನ ಸತ್ತರು. ಊರು ನಡುಗಿತು. ಬೋನುಗಳನ್ನಿಟ್ಟರು, ಸಿಕ್ಕಸಿಕ್ಕ ಚಿರತೆಗಳನ್ನು ಹಿಡಿದರು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬೇರೆಯೇ ಕಥೆ. ಜುನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲಿ ಹಿಡಿದ ಚಿರತೆಗಳನ್ನು ದೂರದ ಕಾಡುಗಳಿಗೆ ಸಾಗಿಸಿದರೆ, ಬಿಟ್ಟ ಜಾಗದ ಸುತ್ತಲೇ ದಾಳಿಗಳು ಹೆಚ್ಚುತ್ತವೆ ಎಂದು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿತು. ಗೊತ್ತಿಲ್ಲದ ನೆಲದಲ್ಲಿ ಇಳಿಸಿದ ಪ್ರಾಣಿ ಗಾಬರಿಬಿದ್ದು ಎಲ್ಲೆಂದರಲ್ಲಿ ನುಗ್ಗುತ್ತದೆ. 2011ರಲ್ಲಿ ಉದ್ಯಾನದ ಆಗಿನ ನಿರ್ದೇಶಕ ಸುನಿಲ್ ಲಿಮಯೆ ಅವರ ಕಾಲಕ್ಕೆ ಶುರುವಾದ ‘ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ’ ಎಂಬ ಯೋಜನೆ ಸಂಶೋಧಕರನ್ನು, ಪೊಲೀಸರನ್ನು, ಪತ್ರಕರ್ತರನ್ನು, ಹೌಸಿಂಗ್ ಸೊಸೈಟಿಗಳನ್ನು ಒಂದೆಡೆ ಕೂರಿಸಿತು. ಚಿರತೆ ಕಂಡ ತಕ್ಷಣ ಬೋನು ತನ್ನಿ ಎನ್ನುವ ಊರು, ಕಸ ಎಸೆಯಬೇಡಿ, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಡಬೇಡಿ ಎನ್ನಲು ಕಲಿಯಿತು.

ಆತ್ರೇಯ ಅವರ ತಂಡ ರೇಡಿಯೊ ಕಾಲರ್ ತೊಡಿಸಿದ ‘ಆಜೋಬಾ’ ಎಂಬ ಚಿರತೆಯ ಕಥೆ ಓಡುವವರಿಗೆ ಇಷ್ಟವಾಗುವಂಥದ್ದು. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಯೊಂದರಲ್ಲಿ ಬಿದ್ದಿದ್ದ ಅದನ್ನು ಮೇಲೆತ್ತಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಕೆಲವೇ ವಾರಗಳಲ್ಲಿ ಅದು ಸುಮಾರು 120 ಕಿಲೋಮೀಟರ್ ನಡೆದು ಹೊಲ, ಹೆದ್ದಾರಿ, ರೈಲು ಹಳಿ ದಾಟಿ ಬೊರಿವಲಿ ಕಾಡಿಗೆ ಬಂದು ಸೇರಿತು. ದಾರಿಯುದ್ದಕ್ಕೂ ಯಾರಿಗೂ ಏನೂ ಮಾಡಲಿಲ್ಲ. ಎರಡು ವರ್ಷದ ಬಳಿಕ ಯಾವುದೋ ವಾಹನ ಗುದ್ದಿ ಸತ್ತಿತು. 2014ರಲ್ಲಿ ಅದರ ಮೇಲೆ ಮರಾಠಿಯಲ್ಲಿ ಸಿನಿಮಾ ಬಂತು, ಊರ್ಮಿಳಾ ಮಾತೋಂಡ್ಕರ್ ನಟಿಸಿದ್ದರು. ಆಜೋಬಾನ ಇಡೀ ಪ್ರಯಾಣ ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಅದು ಜನ ಮಲಗಿದ ಹೊತ್ತಿನಲ್ಲಿ ನಡೆಯಿತು.

ಮನುಷ್ಯರ ಪಕ್ಕದಲ್ಲಿ ಬದುಕುವ ಪ್ರಾಣಿಗಳ ಉಪಾಯವೇ ಇದು. ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು ಆರು ಖಂಡಗಳ 62 ಸಸ್ತನಿ ಜಾತಿಗಳ ಬಗೆಗಿನ 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹಗಲು ರಾತ್ರಿ ಸಮಸಮವಾಗಿ ಓಡಾಡಬೇಕಿದ್ದ ಪ್ರಾಣಿ, ಜನರ ಗಲಾಟೆ ಇರುವ ಕಡೆ ತನ್ನ ಓಡಾಟದ ಶೇಕಡಾ 68ರಷ್ಟನ್ನು ರಾತ್ರಿಗೆ ತಳ್ಳಿಬಿಡುತ್ತದೆ. ಕೋವಿ ಹಿಡಿದ ಬೇಟೆಗಾರನಾಗಲಿ, ನೀರಿನ ಬಾಟಲಿ ಹಿಡಿದ ಚಾರಣಿಗನಾಗಲಿ, ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ತಾವು ಯಾರಿಗೂ ತೊಂದರೆ ಕೊಡದೆ ಓಡಿ ಬರುತ್ತೇವೆ ಎನ್ನುವವರಿಗೆ ಈ ಕೊನೆಯ ಅಂಶ ಕಹಿಯಾಗಿ ಕಾಣಬಹುದು. ಹಗಲನ್ನು ಮುಂಬಯಿ ಎಂದೋ ಕಿತ್ತುಕೊಂಡಿದೆ. ಉಳಿದ ರಾತ್ರಿಯ ಬಾಲವನ್ನೂ ಎಳೆದರೆ ಕಡವೆ, ಚುಕ್ಕೆ ಜಿಂಕೆ, ಚಿರತೆ ಎಲ್ಲವೂ ಇನ್ನಷ್ಟು ಮೂಲೆಗೆ ಸರಿಯುತ್ತವೆ. ಮೂಲೆ ಎಂದರೆ ಈ ಕಾಡಿನಲ್ಲಿ ಯಾವುದಾದರೊಂದು ಬಡಾವಣೆಯ ಹಿತ್ತಿಲು.

ಅಪಾಯದ ಮಾತಿಗೆ ಬಂದರೆ, ಓಡುವ ದೊಡ್ಡವರ ಮೇಲೆ ಚಿರತೆ ಎರಗುತ್ತದೆ ಎಂಬುದು ಇಲ್ಲಿಯ ಮುಖ್ಯ ಭಯವಲ್ಲ. ಚಿರತೆಗೆ ಆಸೆ ಹುಟ್ಟಿಸುವುದು ಗಿಡ್ಡ ಆಕೃತಿ: ಮಗು, ಕುಕ್ಕುರುಗಾಲಿನಲ್ಲಿ ಕೂತವರು, ನಾಯಿ. 2022ರ ದೀಪಾವಳಿಯ ನಸುಕಿನಲ್ಲಿ ಆರೇ ಕಾಲೊನಿಯಲ್ಲಿ ಸತ್ತದ್ದು ಹದಿನಾರು ತಿಂಗಳ ಮಗು. ಆಮೇಲೆ ಬೋನುಗಳು ಬಂದವು, ಚಿರತೆಗಳು ಸೆರೆಯಾದವು. ಒಬ್ಬ ಓಟಗಾರ ಕತ್ತಲ ತಿರುವಿನಲ್ಲಿ ಮರಿಯೊಂದಿಗಿರುವ ತಾಯಿ ಚಿರತೆಗೆ ಎದುರಾಗಿ ಒಂದು ಪಂಜದ ಏಟು ತಿಂದರೂ ಸಾಕು, ಮರುದಿನದ ಟಿ.ವಿ.ಯಲ್ಲಿ ಅದು ನರಭಕ್ಷಕ. ಆಗ ದಂಡ ತೆರುವುದು ಚಿರತೆ. ಅದರ ಬೆನ್ನಿಗೇ ಕಾಡಿನೊಳಗಿನ ಪಾಡಾಗಳ, ಅಂದರೆ ಹಾಡಿಗಳ, ಆದಿವಾಸಿಗಳು.

ಪಾಡಾಗಳ ಮಾತನ್ನು ಓಟದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ವಾರ್ಲಿ, ಮಲ್ಹಾರ್ ಕೋಳಿ, ಕೋಕ್ಣಾ ಜನ ಇಲ್ಲಿ ರಾಷ್ಟ್ರೀಯ ಉದ್ಯಾನ ಎಂಬ ಬೋರ್ಡು ಬರುವುದಕ್ಕಿಂತ ಮೊದಲಿನಿಂದ ಇದ್ದಾರೆ. ದೊಡ್ಡ ಬೆಕ್ಕನ್ನು ವಾಘೋಬಾ ಎಂದು ಪೂಜಿಸುತ್ತಾರೆ. ಕನ್ಹೇರಿ ದಾರಿಯಲ್ಲಿ ಸೌತೆಕಾಯಿ, ಕವಳಿ ಹಣ್ಣು, ನೇರಳೆ ಮಾರುವ ಹೆಂಗಸರು ಇದೇ ಸಮುದಾಯದವರು. ಅತಿಕ್ರಮಣ ತೆರವುಗೊಳಿಸಬೇಕೆಂದು 1997ರಲ್ಲಿ ಬಾಂಬೆ ಹೈಕೋರ್ಟ್ ಆದೇಶ ಕೊಟ್ಟ ಮೇಲೆ ಕಾಡಿನ ಅಂಚಿನ ಸಾವಿರಾರು ಗುಡಿಸಲುಗಳು ನೆಲಸಮವಾದವು. ಆದಿವಾಸಿಗಳ ತಲೆಯ ಮೇಲೂ ಕತ್ತಿ ತೂಗುತ್ತ ಉಳಿಯಿತು. ಅಲ್ಲಿ ಹುಟ್ಟಿದವರಿಗೆ ಕತ್ತಲಾದ ಮೇಲೆ ಹುಷಾರು ಎಂದು ಹೇಳುವ ಇಲಾಖೆ, ಮೋಜಿಗೆ ಬರುವವರಿಗೆ ಕತ್ತಲಿರುವಾಗಲೇ ಬನ್ನಿ ಎನ್ನುವುದು ವಿಚಿತ್ರ ನ್ಯಾಯ.

ಕಾನೂನಿನಲ್ಲಿ ಓಟಗಾರನಿಗೆ ಹೆಸರೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನುಮತಿ ಪಡೆದು ಒಳಗೆ ಬರಬಹುದಾದವರ ಪಟ್ಟಿ ಕೊಡುತ್ತದೆ: ವನ್ಯಜೀವಿ ಅಧ್ಯಯನಕ್ಕೆ, ಛಾಯಾಗ್ರಹಣಕ್ಕೆ, ಸಂಶೋಧನೆಗೆ, ಪ್ರವಾಸಕ್ಕೆ, ಅಲ್ಲಿ ವಾಸಿಸುವವರೊಂದಿಗೆ ವ್ಯವಹಾರಕ್ಕೆ. ವ್ಯಾಯಾಮ ಪಟ್ಟಿಯಲ್ಲಿಲ್ಲ. ಪಾಸು ಹಿಡಿದು ಬರುವ ವಾಕಿಂಗಿನವರೂ ಓಟದವರೂ ಪ್ರವಾಸಿಗರ ಖಾತೆಯಲ್ಲಿ ನುಸುಳಿ ಬಂದವರು. ಅದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. ಆದರೆ ಬಂದದ್ದು ಪ್ರವಾಸಿಗನಾಗಿ ಎಂದ ಮೇಲೆ ಪ್ರವಾಸಿಗನ ಹೊತ್ತು ಪಾಲಿಸುವುದರಲ್ಲಿ ಅವಮಾನವೇನು?

ಈ ದಾರಿಯ ತುದಿಯಲ್ಲಿರುವ ಕನ್ಹೇರಿಯನ್ನು ಓಟಗಾರರು ‘ಟರ್ನಿಂಗ್ ಪಾಯಿಂಟ್’ ಎಂದು ಮುಟ್ಟಿ ವಾಪಸಾಗುತ್ತಾರೆ. ಕನ್ನಡಿಗರಾದರೂ ಅಲ್ಲಿ ಐದು ನಿಮಿಷ ನಿಲ್ಲಬೇಕು. ಕ್ರಿಸ್ತಪೂರ್ವ ಒಂದನೇ ಶತಮಾನದಿಂದ ಸಾವಿರ ವರ್ಷ ಕಾಲ ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳ ಬೌದ್ಧ ವಿಹಾರ ಅದು. ಅಲ್ಲಿಯ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರಿದೆ. ಕನ್ನಡಕ್ಕೆ ‘ಕವಿರಾಜಮಾರ್ಗ’ ಬಂದದ್ದು ಯಾರ ಆಸ್ಥಾನದಿಂದಲೋ ಅದೇ ದೊರೆ. ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಪುಲ್ಲಶಕ್ತಿ, ಕಪರ್ದಿಯರ ಕಾಲದಲ್ಲಿ, ಶಕ 765ರಿಂದ 799ರ ನಡುವೆ, ಅಂದರೆ ಕ್ರಿ.ಶ. 843ರಿಂದ 877ರ ಸುಮಾರಿಗೆ, ಈ ಶಾಸನಗಳನ್ನು ಕೊರೆಸಿದರು. ಒಂದರಲ್ಲಿ ದೂರದ ಗೌಡದೇಶದಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ಧ್ಯಾನಮಂದಿರಕ್ಕೂ ಬಟ್ಟೆಗೂ ನೂರು ದ್ರಮ್ಮಗಳ ದತ್ತಿ ಇಟ್ಟ ವಿವರವಿದೆ. ಬಂಗಾಳದ ಭಕ್ತ, ಕೊಂಕಣದ ಸಾಮಂತ, ಮಾನ್ಯಖೇಟದ ಚಕ್ರವರ್ತಿ ಒಂದೇ ಕಲ್ಲಿನ ಮೇಲೆ. ಮುಂಬಯಿ ಎಲ್ಲರ ಊರು ಎಂಬುದಕ್ಕೆ ಇದಕ್ಕಿಂತ ಹಳೆಯ ದಾಖಲೆ ಸಿಗಲಿಕ್ಕಿಲ್ಲ.

ಗುಹೆಗಳ ಬಾಗಿಲಲ್ಲೇ ಮಳೆನೀರು ಹಿಡಿಯುವ ತೊಟ್ಟಿಗಳಿವೆ. ಬಂಡೆಯ ಮೇಲೆ ಕೊರೆದ ಕಾಲುವೆಗಳು ನೀರನ್ನು ಅಲ್ಲಿಗೆ ತರುತ್ತವೆ. ಅಲ್ಲಿದ್ದವರು ನಡಿಗೆಯ ಜನ, ಊರೂರು ಅಲೆಯುವ ಭಿಕ್ಷುಗಳು. ಆದರೆ ಮಳೆಗಾಲದ ಮೂರು ತಿಂಗಳು ಅಲೆದಾಟ ನಿಲ್ಲಿಸಿ ಒಂದೆಡೆ ಕೂರುವ ವರ್ಷಾವಾಸದ ಕಟ್ಟಳೆ ಅವರಿಗಿತ್ತು. ಹೊಸದಾಗಿ ಮೊಳೆತ ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯಬಾರದು ಎಂಬುದು ಅದರ ಹಿಂದಿನ ಕಾರಣಗಳಲ್ಲಿ ಒಂದು. ಟ್ರೇಲ್ ರನ್ನಿಂಗ್ ನಿಯಮಾವಳಿ ಬರೆಯುವವರು ಹೊರದೇಶದ ಕೈಪಿಡಿ ತಿರುವುವ ಮೊದಲು ಇದನ್ನು ನೋಡಬಹುದು. ಮಳೆಗಾಲದಲ್ಲಿ ಡಾಂಬರು ಬಿಟ್ಟು ಮಣ್ಣಿನ ಕಾಲುದಾರಿಗಳಲ್ಲಿ ನೂರಾರು ಬೂಟುಗಳು ಓಡಿದರೆ ದಾರಿಯೇ ತೊರೆಯಾಗುತ್ತದೆ. ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿ ಪೊದೆಗಳು ಈ ಬೆಟ್ಟಗಳಲ್ಲಿ 2016ರಲ್ಲಿ ಅರಳಿದ್ದವು, 2024ರಲ್ಲಿ ಮತ್ತೆ ಅರಳಿದವು. ಅವು ಬೆಳೆಯುವುದು ಇಳಿಜಾರಿನ ಇದೇ ಮಣ್ಣಿನಲ್ಲಿ.

ಕರ್ನಾಟಕದಲ್ಲಿ ಇದೇ ಪ್ರಶ್ನೆಯ ಎರಡು ಮುಖಗಳು ಈಚೆಗೆ ಕಂಡವು. 2024ರ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿ, ಬೆಟ್ಟದ ದಾರಿ ದಾದರ್ ಸ್ಟೇಷನ್ನಿನ ಬ್ರಿಡ್ಜಿನಂತಾದ ವಿಡಿಯೊ ಎಲ್ಲೆಡೆ ಹರಿದಾಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದರು. ಮುಂದೆ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಇನ್ನೊಂದು ಮುಖ ಬೆಂಗಳೂರಿನ ತುರಹಳ್ಳಿ. 2021ರ ಫೆಬ್ರವರಿಯಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುತ್ತೇವೆಂದು ಇಲಾಖೆ ಹೊರಟಾಗ ಎದ್ದು ನಿಂತವರಲ್ಲಿ ಪಕ್ಷಿವೀಕ್ಷಕರ ಜೊತೆಗೆ ಬೆಳಿಗ್ಗೆ ಓಡುವವರು, ಸೈಕಲ್ ಹೊಡೆಯುವವರು ಇದ್ದರು. ಯೋಜನೆ ಕೈಬಿಡಬೇಕಾಯಿತು. ಓಡುವವರನ್ನು ಕಾಡಿನ ಶತ್ರು ಎಂದು ಬರೆದುಹಾಕುವುದು ಎಷ್ಟು ದಡ್ಡತನ ಎಂಬುದನ್ನು ತುರಹಳ್ಳಿ ತೋರಿಸಿತು. ಆರೇಯಲ್ಲೂ ಅದೇ ಆಯಿತು. 2019ರ ಅಕ್ಟೋಬರ್ 4ರ ರಾತ್ರಿ ಮೆಟ್ರೊ ಕಾರ್‌ಶೆಡ್‌ಗಾಗಿ ಮರ ಕಡಿಯಲು ಶುರು ಮಾಡಿ, ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ರಾತ್ರೋರಾತ್ರಿ ಅಲ್ಲಿಗೆ ಧಾವಿಸಿದವರು ಆ ಮರಗಳನ್ನು ನಕ್ಷೆಯಲ್ಲಷ್ಟೇ ಅಲ್ಲ, ಕಣ್ಣಾರೆ ಕಂಡು ಬಲ್ಲವರು. ಕಾಡಿಗೆ ಓಟು ಹಾಕುವ ಹಕ್ಕಿಲ್ಲ. ಅದರ ಪರವಾಗಿ ಗಲಾಟೆ ಮಾಡುವವರು ಊರಿನಲ್ಲಿ ಬೇಕು, ಅದಕ್ಕಾಗಿ ಊರಿನವರು ಕಾಡಿಗೆ ಹೋಗುತ್ತಿರಬೇಕು.

ಟ್ರೇಲ್ ರನ್ನಿಂಗಿನ ತವರು ಎನ್ನಿಸಿಕೊಂಡ ಆಲ್ಪ್ಸ್‌ನಲ್ಲೂ ಈ ತಿಕ್ಕಾಟ ಇದ್ದೇ ಇದೆ. ಫ್ರಾನ್ಸಿನ ಶಾಮೊನಿಯಿಂದ 2003ರಲ್ಲಿ ಶುರುವಾದ ಯುಟಿಎಂಬಿ ಓಟ ಮೂರು ದೇಶ ಸುತ್ತಿ ಸುಮಾರು 171 ಕಿಲೋಮೀಟರ್, ಹತ್ತು ಸಾವಿರ ಮೀಟರ್ ಏರು. ಅದರ ದಾರಿ ಕೋಂತಾಮಿನ್-ಮೋಂಜ್ವಾ ಎಂಬ ರಕ್ಷಿತ ಕಣಿವೆಯನ್ನು ಹಾಯುತ್ತದೆ. ಬಳಸಿ ಬಿಸಾಡುವ ಲೋಟ ಅಲ್ಲಿ ಕೊಡುವುದಿಲ್ಲ, ಓಟಗಾರ ತನ್ನದೇ ಲೋಟ ಹೊತ್ತು ಓಡಬೇಕು. ಕಸ ಎಸೆದರೆ ದಂಡನೆ. ಎಷ್ಟು ಜನ ಓಡಬಹುದೆಂಬುದಕ್ಕೂ ಮಿತಿ ಇದೆ. ಕೀನ್ಯಾದ ಲೇವಾದಲ್ಲಿ ಆನೆ, ಘೇಂಡಾಮೃಗ, ಸಿಂಹಗಳಿರುವ ರಕ್ಷಿತ ಪ್ರದೇಶದೊಳಗೇ 2000ದಿಂದ ಮ್ಯಾರಥಾನ್ ನಡೆಯುತ್ತಿದೆ, ಮೇಲೆ ಹೆಲಿಕಾಪ್ಟರ್ ಕಾವಲು, ಕೆಳಗೆ ಶಸ್ತ್ರಸಜ್ಜಿತ ರೇಂಜರುಗಳು. ಬಂದ ಹಣ ವನ್ಯಜೀವಿಗೂ ಸುತ್ತಲಿನ ಶಾಲೆಗಳಿಗೂ ಹೋಗುತ್ತದೆ. ಇವೆರಡನ್ನೂ ಮುಂಬಯಿಗೆ ಹಾಗೇ ತಂದಿಡುವಂತಿಲ್ಲ. ಅವು ವರ್ಷಕ್ಕೊಮ್ಮೆಯ ಜಾತ್ರೆಗಳು, ಬೊರಿವಲಿಯದು ದಿನನಿತ್ಯದ ಓಡಾಟ. ಕಾಡಿಗೆ ಕಾಟ ಹೆಚ್ಚು ಯಾವುದರಿಂದ ಎಂದು ಕೇಳಿದರೆ, ಒಂದು ದಿನದ ಗದ್ದಲಕ್ಕಿಂತ ಮುನ್ನೂರು ಮುಂಜಾವುಗಳ ಹೆಜ್ಜೆಯಿಂದ ಎನ್ನಬೇಕಾಗುತ್ತದೆ. ಸ್ಪರ್ಧೆ ನಡೆಸಲೇಬೇಕು ಎನ್ನುವವರಿಗೆ ಮಲೆನಾಡಿನ ಮಾದರಿ ವಾಸಿ. ‘ಮಲ್ನಾಡ್ ಅಲ್ಟ್ರಾ’ ಓಟದ ದಾರಿ ಹಾಯುವುದು ಕಾಫಿ ತೋಟಗಳ ನಡುವೆ. ರಾಷ್ಟ್ರೀಯ ಉದ್ಯಾನದೊಳಗೆ ಬಿಬ್ ನಂಬರ್, ಮೈಕು, ಪ್ರಾಯೋಜಕರ ಕಮಾನು ಯಾವುದೂ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಓಟಗಾರರು ಒಂದು ಮಾತು ಕೇಳುತ್ತಾರೆ, ಕೇಳಬೇಕಾದದ್ದೇ. ನಮ್ಮ ಬೂಟಿನ ಸದ್ದಿಗೆ ಇಷ್ಟು ಬೇಸರಪಡುವವರು ಬೆಟ್ಟದ ಹೊಟ್ಟೆಗೆ ಇಳಿಯುತ್ತಿರುವ ಯಂತ್ರಗಳ ಬಗ್ಗೆ ಏನನ್ನುತ್ತಾರೆ? ಥಾಣೆ-ಬೊರಿವಲಿ ಜೋಡಿ ಸುರಂಗ 11.8 ಕಿಲೋಮೀಟರಿನ ಯೋಜನೆ. ಅದರಲ್ಲಿ 10.25 ಕಿಲೋಮೀಟರ್ ನೆಲದಡಿ, ನೇರ ಇದೇ ಉದ್ಯಾನದ ಕೆಳಗೆ. 2024ರ ಜುಲೈಯಲ್ಲಿ ಪ್ರಧಾನಿ ಭೂಮಿಪೂಜೆ ಮಾಡಿದರು. ಗೋರೆಗಾಂವ್-ಮುಲುಂಡ್ ಲಿಂಕ್ ರಸ್ತೆಗೂ ಸುರಂಗ ಬರುತ್ತಿದೆ. 2016ರ ಡಿಸೆಂಬರಿನಲ್ಲಿ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದರೂ ಕಾಡಿಗೆ ತಾಗಿಕೊಂಡೇ ಗೋಪುರಗಳು ಏಳುತ್ತಿವೆ. ‘ಫಾರೆಸ್ಟ್ ವ್ಯೂ’ ಎಂದು ಅದಕ್ಕೆ ಚದರಡಿಗೆ ಹೆಚ್ಚಿನ ದರ ಬೇರೆ. ಯೇವೂರಿನಲ್ಲಿ ರಾತ್ರಿ ಹೊತ್ತು ಟರ್ಫ್ ಮೈದಾನಗಳ ಹೊನಲು ಬೆಳಕಿನ ಬಗ್ಗೆ, ಬಂಗಲೆಗಳ ಪಾರ್ಟಿ ಸದ್ದಿನ ಬಗ್ಗೆ ಸ್ಥಳೀಯರ ದೂರುಗಳು ನಿಂತಿಲ್ಲ. ಇವುಗಳ ಮುಂದೆ ಓಟಗಾರನ ತಪ್ಪು ನಗಣ್ಯ, ನಿಜ. ಆದರೆ ಸುರಂಗ ಬೇಡ ಎಂದು ಫಲಕ ಹಿಡಿಯುವವನು ಕತ್ತಲಿಗೆ ಕಾಡು ಬಿಟ್ಟುಕೊಡಲು ಒಪ್ಪದಿದ್ದರೆ ಅವನ ಫಲಕವನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ಕಾಡಿನಿಂದ ನನಗಿಷ್ಟು ಬೇಕು ಎನ್ನುವುದರಲ್ಲಿ ಬಿಲ್ಡರಿಗೂ ಓಟಗಾರನಿಗೂ ಅಳತೆಯ ವ್ಯತ್ಯಾಸವಿರಬಹುದು, ವರಸೆ ಮಾತ್ರ ಒಂದೇ ಆಗಿಬಿಡುತ್ತದೆ.

ಇದಕ್ಕಿಂತ ಕಷ್ಟದ ಆಕ್ಷೇಪ ಇನ್ನೊಂದಿದೆ. ಏಳು ಗಂಟೆಗೆ ಗೇಟು ತೆರೆದರೆ ಕಾಡು ಉಳಿಯುವುದು ಪುರುಸೊತ್ತಿದ್ದವರಿಗೆ ಮಾತ್ರ. ಮುಂಬಯಿ ಕನ್ನಡಿಗರಿಗೆ ಈ ಗಡಿಯಾರದ ಕಥೆ ಚೆನ್ನಾಗಿ ಗೊತ್ತು. ಅವರ ಹಿಂದಿನ ತಲೆಮಾರು ಊರು ಏಳುವ ಮೊದಲು ಎದ್ದು ಹೋಟೆಲುಗಳಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ಕನ್ನಡ ರಾತ್ರಿ ಶಾಲೆಗಳ ಬೆಂಚುಗಳಲ್ಲಿ ತೂಕಡಿಸುತ್ತ ಓದಿ ಮೇಲೆ ಬಂತು. ಆರೋಗ್ಯಕ್ಕಾಗಿ ಓಡುವುದು ಎಂಬ ಐಷಾರಾಮ ಬಂದದ್ದೇ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೆ. ಅದಕ್ಕೂ ಕತ್ತರಿ ಹಾಕಿದರೆ ಹೇಗೆ? ಹೆಣ್ಣುಮಕ್ಕಳ ಮಾತೂ ಇದೆ. ಗೇಟು, ಕಾವಲುಗಾರ, ಪಾಸು ಇರುವ ಈ ರಸ್ತೆ ಊರಿನ ಬೀದಿಗಿಂತ ಸುರಕ್ಷಿತ ಎನ್ನುವವರಿದ್ದಾರೆ. ಈ ಎರಡಕ್ಕೂ ಪೂರ್ತಿ ಸಮಾಧಾನ ಹೇಳಲು ಬರುವುದಿಲ್ಲ. ವಾರದ ದಿನಗಳಲ್ಲಿ ಚಳಿಗಾಲದ ಮೂರು ನಾಲ್ಕು ತಿಂಗಳು ಅವರು ಕಾಡು ಬಿಟ್ಟು ಬೇರೆಡೆ ಓಡಬೇಕಾಗುತ್ತದೆ. ಆ ಬೇರೆಡೆಯನ್ನು ಒದಗಿಸುವುದು ಮಹಾನಗರಪಾಲಿಕೆಯ ಹೊಣೆ: ಬೆಳಕಿರುವ, ಗುಂಡಿಯಿಲ್ಲದ, ಬೈಕು ಹತ್ತದ ಫುಟ್‌ಪಾತು. ನಗರ ಕೊಡಬೇಕಾದದ್ದನ್ನು ಕೊಡದಿದ್ದರೆ ಅದರ ಬಾಕಿಯನ್ನು ಕಾಡಿನಿಂದ ವಸೂಲಿ ಮಾಡುವುದು ಸರಿಯಲ್ಲ.

ಅರಣ್ಯ ಇಲಾಖೆ ಬದಲಿಗೆ ಏನು ಕೊಡಬೇಕು ಎಂಬುದನ್ನೂ ಸ್ಪಷ್ಟ ಹೇಳಬೇಕು. ಬಾಗಿಲು ಮುಚ್ಚುವುದರಲ್ಲಿ ನಮ್ಮ ಇಲಾಖೆಗಳು ನಿಸ್ಸೀಮ, ತೆರೆಯುವುದರಲ್ಲಿ ಸೋಮಾರಿ. ಸದ್ಯ ಶಿಲೋಂಡಾ, ನಾಗ್ಲಾ ಮೊದಲಾದ ದಾರಿಗಳಲ್ಲಿ ನಡೆಯಲು ಮುಂಚಿತ ಅನುಮತಿ, ಜೊತೆಗೆ ಮಾರ್ಗದರ್ಶಿ ಬೇಕು. ಸೂರ್ಯೋದಯದ ನಂತರ, ಮಳೆಗಾಲ ಬಿಟ್ಟು, ಇಂಥ ಒಂದೆರಡು ದಾರಿಗಳನ್ನು ಸಣ್ಣ ಗುಂಪುಗಳ ಓಟಕ್ಕೂ ತೆರೆಯಬಹುದು. ಓಟಗಾರರ ಮುಂದೆ ಓಡುವ ಮಾರ್ಗದರ್ಶಿ ಪಾಡಾಗಳ ಯುವಕನೋ ಯುವತಿಯೋ ಆಗಿರಲಿ. ಆ ಬೆಟ್ಟವನ್ನು ಅವರಷ್ಟು ಸಲೀಸಾಗಿ ಹತ್ತುವವರು ಮುಂಬಯಿಯ ಯಾವ ರನ್ನಿಂಗ್ ಕ್ಲಬ್ಬಿನಲ್ಲೂ ಸಿಗಲಿಕ್ಕಿಲ್ಲ. ಸಾವಿರಾರು ರೂಪಾಯಿಯ ಬೂಟು ಹಾಕುವವರು ಅವರಿಗೆ ಸರಿಯಾದ ಕೂಲಿ ಕೊಡಲು ಹಿಂದೆ ಮುಂದೆ ನೋಡಬಾರದು. ಕನ್ಹೇರಿ ರಸ್ತೆಗೆ ಭಾನುವಾರ ಇಷ್ಟೇ ಜನ ಎಂಬ ಮಿತಿ ಇರಲಿ. ಇಯರ್‌ಫೋನ್ ಗೇಟಿನಲ್ಲೇ ಜೇಬು ಸೇರಲಿ. ಹಿಂದಿನಿಂದ ಬರುವ ಸದ್ದು ಕೇಳದವನು ಕಾಡಿನಲ್ಲಿ ತನಗೂ ಅಪಾಯ, ಇತರರಿಗೂ.

ಗೇಟು ತೆರೆಯುವ ಹೊತ್ತು ಮಾತ್ರ ತಿಂಗಳಿಂದ ತಿಂಗಳಿಗೆ ಬದಲಾಗಬೇಕು. ಜೂನ್‌ನಲ್ಲಿ ಆರು, ಅಕ್ಟೋಬರಿನಲ್ಲಿ ಆರೂವರೆ, ಡಿಸೆಂಬರ್-ಜನವರಿಯಲ್ಲಿ ಏಳು ಕಾಲು. ಇದು ಸರಿಯೋ ತಪ್ಪೋ ಎಂದು ವಾದಿಸುತ್ತ ಕೂರುವ ಅಗತ್ಯವೂ ಇಲ್ಲ. ಚಿರತೆಗಳ ಎಣಿಕೆಗೆ ಕ್ಯಾಮೆರಾ ಇಡುವ ರೂಢಿ ಈ ಉದ್ಯಾನದಲ್ಲಿ ಹತ್ತು ವರ್ಷದಿಂದ ಇದೆ. ಒಂದು ಚಳಿಗಾಲ ಈ ಹೊತ್ತನ್ನು ಪಾಲಿಸಿ, ಕನ್ಹೇರಿ ರಸ್ತೆಯ ಆಸುಪಾಸಿನ ಕ್ಯಾಮೆರಾಗಳಲ್ಲಿ ಐದರಿಂದ ಏಳರ ನಡುವೆ ಯಾವ ಪ್ರಾಣಿ ಎಷ್ಟು ಸಲ ಹಾದುಹೋಯಿತು ಎಂದು ಹಿಂದಿನ ಚಳಿಗಾಲದ ಚಿತ್ರಗಳೊಂದಿಗೆ ಹೋಲಿಸಿದರಾಯಿತು. ಲೆಕ್ಕವನ್ನು ಇಲಾಖೆ ಗೇಟಿನ ಫಲಕದಲ್ಲೇ ಹಾಕಲಿ. ವ್ಯತ್ಯಾಸವೇ ಕಾಣದಿದ್ದರೆ ತಮ್ಮ ಐದೂವರೆಯನ್ನು ವಾಪಸು ಕೊಡಿ ಎಂದು ಓಟಗಾರರು ಮರುವರ್ಷ ಅದೇ ಗೇಟಿನಲ್ಲಿ ನಿಂತು ಕೇಳಬಹುದು.